ಸ್ಪ್ರಿಂಗು ಕತ್ತರಿಸುವ ಮುನ್ನ

ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ತುಮಕೂರಿನಿಂದ ತಿಪಟೂರು, ಅರಸೀಕೆರೆಯತ್ತ ಹೋಗುವುದು ಒಂದು. ಹುಳಿಯಾರು, ಚಿಕ್ಕನಾಯಕನಹಳ್ಳಿಯಿಂದ ಬಂದು ತುರುವೇಕೆರೆ, ನಾಗಮಂಗಲದ ಮೂಲಕ ಮೈಸೂರಿನ ಕಡೆ ಸಾಗುವುದು ಇನ್ನೊಂದು. ಇವೆರಡನ್ನು ಬಿಟ್ಟು ಎಡಕ್ಕೋ ಬಲಕ್ಕೋ ಹೊರಳಿದರೆ ತೆಂಗಿನ ತೋಟಗಳ ನಡುವಿನ ದಾರಿ ಸಿಗುತ್ತದೆ. ಕೆರೆ ಏರಿಯ ತಿರುವು, ಕಾಲುವೆಯ ಮೇಲಿನ ಉಬ್ಬು, ಶಾಲೆಯ ಮುಂದಿನ ಹಂಪು, ಮಳೆಗಾಲ ಕಳೆದ ಮೇಲೂ ಉಳಿಯುವ ಗುಂಡಿ. ಕಾರನ್ನು ಪರೀಕ್ಷೆಗೆ ಕೂರಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆಪತ್ರಿಕೆ ಬೇಕಿಲ್ಲ.

ಈ ಸೀಮೆಯಲ್ಲಿ ಕೊಬ್ಬರಿ ಮಾರಿದ ದುಡ್ಡಿನಲ್ಲಿ ಅಪ್ಪ ಹಳೆಯ ಕಾರೊಂದನ್ನು ಕೊಂಡಿರುತ್ತಾರೆ. ಮಗ ಕಾಲೇಜು ಸೇರಿ ವರ್ಷ ಕಳೆಯುವುದರೊಳಗೆ ವಾಗ್ವಾದ ಶುರು. "ಅಪ್ಪ, ತಿರುವಲ್ಲಿ ಕಾರು ತುಂಬಾ ವಾಲುತ್ತೆ. ಸ್ಪ್ರಿಂಗ್ ಕಟ್ ಮಾಡಿಸಿ ತಗ್ಗಿಸಿದ್ರೆ ಒಳ್ಳೆ ಹಿಡಿತ ಬರುತ್ತೆ" ಎಂದು ಮಗ. "ಓಡ್ತಿರೋ ಗಾಡಿಗೆ ಯಾಕೋ ಕೈ ಹಾಕ್ತೀಯ? ಕಂಪನಿಯೋರಿಗಿಂತ ನೀನು ಜಾಣನೇನೋ?" ಎಂದು ಅಪ್ಪ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಹಳೆಯ ಕಾರಿನ ಹಿಡಿತವನ್ನು ಖಂಡಿತ ಸುಧಾರಿಸಬಹುದು. ಆದರೆ ಅದು ಸ್ಪ್ರಿಂಗು ಕತ್ತರಿಸುವುದರಿಂದ ಅಲ್ಲ. ಏಕೆ ಅಲ್ಲ ಎಂಬುದನ್ನು ತಿಳಿಯಲು ಪಿ.ಯು.ಸಿ. ಭೌತಶಾಸ್ತ್ರ ಸಾಕು.

ಗಾಡಿಯಿಂದ ಕಾರಿಗೆ

ಸ್ಪ್ರಿಂಗೇ ಇಲ್ಲದ ವಾಹನ ಈ ಕಡೆಯವರಿಗೆ ಹೊಸದಲ್ಲ. ತೆಂಗಿನಕಾಯಿ ಹೇರಿದ ಹಳೆಯ ಎತ್ತಿನಗಾಡಿಯಲ್ಲಿ ಅಚ್ಚನ್ನು ನೇರವಾಗಿ ಗಾಡಿಯ ಚೌಕಟ್ಟಿಗೇ ಬಿಗಿದಿರುತ್ತಿತ್ತು. ಕಬ್ಬಿಣದ ಪಟ್ಟಿ ಹೊಡೆದ ಮರದ ಚಕ್ರ ಒಂದು ಕಲ್ಲು ಹತ್ತಿತೆಂದರೆ ಗಾಡಿ, ಗಾಡಿಯ ಹೇರು, ನೊಗದ ಕೆಳಗಿನ ಎತ್ತಿನ ಕತ್ತು ಎಲ್ಲವೂ ಆ ಪೆಟ್ಟನ್ನು ತಿನ್ನಬೇಕು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು ಎತ್ತಿನಗಾಡಿಯ ಸುಧಾರಣೆಗೆ ವರ್ಷಗಟ್ಟಲೆ ದುಡಿದರು. ಹಗುರವಾದ ಗಾಡಿ, ಸರಾಗವಾಗಿ ತಿರುಗುವ ಬೇರಿಂಗು, ಗಾಳಿ ತುಂಬಿದ ಟೈರು, ಕತ್ತನ್ನು ಕೊರೆಯದ ನೊಗ ಎಂಬುದು ಅವರ ವಾದವಾಗಿತ್ತು. ಟೈರುಗಾಡಿ ಬಂದ ಮೇಲೆ ಎತ್ತಿಗೆ ಸಿಕ್ಕ ನೆಮ್ಮದಿಗೆ ಕಾರಣ ಟೈರಿನೊಳಗಿನ ಗಾಳಿ. ಗಾಳಿಯೂ ಒಂದು ಸ್ಪ್ರಿಂಗೇ.

ಜಟಕಾ ಗಾಡಿಗೆ ಮಾತ್ರ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳಿದ್ದವು. ಅದೇ ಪಟ್ಟಿಗಳು ಮುಂದೆ ಲಾರಿಗೆ, ಬಸ್ಸಿಗೆ, ಕಾರಿಗೆ ಬಂದವು. ಮದುವೆಯ ದಿಬ್ಬಣಕ್ಕೂ ಟ್ಯಾಕ್ಸಿಗೂ ಒದಗುತ್ತಿದ್ದ ಅಂಬಾಸಿಡರ್ ಕಾರಿನ ಹಿಂಬದಿಗೆ ಇದ್ದದ್ದೂ ಇವೇ. 2014ರಲ್ಲಿ ಅದರ ತಯಾರಿಕೆ ನಿಲ್ಲುವ ತನಕ ಅದು ಬದಲಾಗಲಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ತನ್ನ ಮುಂಚಕ್ರಗಳಿಗೆ 'ಮ್ಯಾಕ್‌ಫರ್ಸನ್ ಸ್ಟ್ರಟ್' ಎಂಬ ಏರ್ಪಾಟನ್ನು ತಂದಿತು. ಸುರುಳಿ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಎರಡನ್ನೂ ಒಂದೇ ಕಂಬದಲ್ಲಿ ಕೂಡಿಸಿದ್ದು ಇದರ ಜಾಣತನ. ಇಂದು ರಸ್ತೆಯ ಮೇಲಿರುವ ಹೆಚ್ಚಿನ ಸಣ್ಣ ಕಾರುಗಳ ಮುಂದೆ ಇದೇ ಇದೆ.

ಪಟ್ಟಿಯಿರಲಿ, ಸುರುಳಿಯಿರಲಿ, ಸಸ್ಪೆನ್ಷನ್ನಿಗೆ ಇರುವುದು ಎರಡು ಕೆಲಸ. ಒಂದು, ಒಳಗೆ ಕುಳಿತವರ ಬೆನ್ನು ಕಾಯುವುದು. ಇನ್ನೊಂದು, ಚಕ್ರ ನೆಲವನ್ನು ಬಿಟ್ಟು ಮೇಲೇಳದಂತೆ ನೋಡಿಕೊಳ್ಳುವುದು. ಮೊದಲನೆಯದು ಎಲ್ಲರಿಗೂ ಗೊತ್ತಾಗುತ್ತದೆ, ಎರಡನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಸ್ಟೀರಿಂಗ್ ತಿರುಗಿಸಿದರೂ, ಬ್ರೇಕ್ ಒತ್ತಿದರೂ ಅದು ರಸ್ತೆಗೆ ಮುಟ್ಟುವುದು ಟೈರು ನೆಲಕ್ಕೆ ತಾಗಿರುವ ನಾಲ್ಕು ಅಂಗೈಯಗಲದ ಜಾಗದಿಂದ. ಚಕ್ರ ಗಾಳಿಯಲ್ಲಿದ್ದರೆ ಅಲ್ಲಿ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ.

ಫ್ರಾನ್ಸಿನ ಸಿಟ್ರೊಯೆನ್ ಕಂಪನಿ 1930ರ ದಶಕದಲ್ಲಿ ರೈತರಿಗಾಗಿ ಕಾರು ಮಾಡಲು ಹೊರಟಾಗ ಮುಖ್ಯಸ್ಥ ಪಿಯೇರ್ ಬೂಲಾಂಜೆ ವಿಧಿಸಿದ ಷರತ್ತು ಪ್ರಸಿದ್ಧ. ಒಂದು ಬುಟ್ಟಿ ಮೊಟ್ಟೆ ಇಟ್ಟುಕೊಂಡು ಉತ್ತ ಹೊಲವನ್ನು ದಾಟಬೇಕು, ಒಂದು ಮೊಟ್ಟೆಯೂ ಒಡೆಯಬಾರದು. 1948ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡ ಆ '2ಸಿವಿ' ಕಾರಿನ ಸ್ಪ್ರಿಂಗುಗಳು ಬಹಳ ಮೃದು. ತಿರುವಿನಲ್ಲಿ ಅದು ನೋಡುವವರಿಗೆ ಭಯವಾಗುವಷ್ಟು ವಾಲುತ್ತಿತ್ತು. ಆದರೂ ರಸ್ತೆಯನ್ನು ಕಚ್ಚಿ ಹಿಡಿಯುವುದರಲ್ಲಿ ಹೆಸರು ಮಾಡಿತು. ವಾಲುವುದು ಬೇರೆ, ಹಿಡಿತ ತಪ್ಪುವುದು ಬೇರೆ.

ಐದನ್ನು ವರ್ಗಮೂಲದಿಂದ ಭಾಗಿಸಿ

ಸ್ಪ್ರಿಂಗಿನ ಮೇಲೆ ಭಾರ ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಅದು ಕುಗ್ಗುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಅದರಿಂದ ಒಂದು ಸುಲಭ ಲೆಕ್ಕ ಹುಟ್ಟುತ್ತದೆ. ಕಾರಿನ ಪೂರ್ತಿ ಭಾರಕ್ಕೆ ಸ್ಪ್ರಿಂಗು ಎಷ್ಟು ಸೆಂಟಿಮೀಟರ್ ಕುಗ್ಗುತ್ತದೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿ. ಕಾರು ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ತೂಗುತ್ತದೆ ಎಂಬುದು ಸಿಗುತ್ತದೆ. 16 ಸೆಂಟಿಮೀಟರ್ ಕುಗ್ಗಿದರೆ ಸೆಕೆಂಡಿಗೆ 1.25 ಸಲ. ಇದು ದೇಹಕ್ಕೆ ಹಿತವಾದ ತೂಗು. ಕೇವಲ 4 ಸೆಂಟಿಮೀಟರ್ ಕುಗ್ಗುವಷ್ಟು ಬಿಗಿಯಾದ ಸ್ಪ್ರಿಂಗಾದರೆ 2.5 ಸಲ. ಆಗ ಕಾರು ಎತ್ತಿನಗಾಡಿಯ ಕಡೆಗೆ ಹೊರಟಿದೆ ಎಂದೇ ಅರ್ಥ.

ಸ್ಪ್ರಿಂಗು ತೂಗಲು ಶುರುಮಾಡಿದರೆ ತಾನಾಗಿ ಬೇಗ ನಿಲ್ಲುವುದಿಲ್ಲ. ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದರೊಳಗೆ ಎಣ್ಣೆ, ಎಣ್ಣೆ ನುಸುಳಲು ಕಿರಿದಾದ ಕಂಡಿಗಳು. ಪಿಸ್ಟನ್ನು ಸರಿದಾಗ ಎಣ್ಣೆ ಕಷ್ಟಪಟ್ಟು ಆ ಕಂಡಿಗಳಲ್ಲಿ ಹಾಯುತ್ತದೆ, ತೂಗಾಟದ ಶಕ್ತಿ ಶಾಖವಾಗಿ ಕರಗುತ್ತದೆ. ಹೆಸರು 'ಪೆಟ್ಟು ಹೀರುವುದು' ಎಂದಿದ್ದರೂ ಪೆಟ್ಟನ್ನು ಹೀರುವುದು ಸ್ಪ್ರಿಂಗು. ಇದು ಆಮೇಲಿನ ಕುಣಿತವನ್ನು ನಿಲ್ಲಿಸುತ್ತದೆ. ಎಣ್ಣೆ ಸೋರಿಹೋದ ಶಾಕ್ ಅಬ್ಸಾರ್ಬರ್ ಇರುವ ಕಾರಿನ ಚಕ್ರ ಗುಂಡಿಯ ಆಚೆ ನಾಲ್ಕಾರು ಸಲ ಪುಟಿಯುತ್ತದೆ. ಪ್ರತಿ ಪುಟಿತಕ್ಕೂ ಹಿಡಿತ ಸಡಿಲ.

ಹಂಪಿನ ಸಂಗತಿಯೂ ಸ್ವಾರಸ್ಯವಾದದ್ದೇ. ಕಾರಿನ ಮುಂಚಕ್ರ ಹಿಂಚಕ್ರಗಳ ನಡುವೆ 2.4 ಮೀಟರ್ ಅಂತರವಿದೆ ಎನ್ನಿ. ಗಂಟೆಗೆ 36 ಕಿಲೋಮೀಟರ್, ಅಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹೋಗುವಾಗ ಮುಂದಿನ ಚಕ್ರ ಹಂಪು ಹತ್ತಿದ 0.24 ಸೆಕೆಂಡಿನ ನಂತರ ಹಿಂದಿನ ಚಕ್ರ ಹತ್ತುತ್ತದೆ. ಮುಂಭಾಗ ಆಗಲೇ ತೂಗುತ್ತಿರುತ್ತದೆ, ಹಿಂಭಾಗ ತಡವಾಗಿ ಸೇರಿಕೊಂಡು ಕಾರು ಏತದಂತೆ ಆಡುತ್ತದೆ. 1930ರಲ್ಲಿ ರೋಲ್ಸ್ ರಾಯ್ಸ್ ಬಿಟ್ಟು ಅಮೆರಿಕದ ಕ್ಯಾಡಿಲ್ಯಾಕ್ ಸೇರಿದ ಎಂಜಿನಿಯರ್ ಮಾರಿಸ್ ಓಲಿ, ಭಾರಗಳನ್ನು ಅತ್ತಿತ್ತ ಸರಿಸಬಹುದಾದ ಪ್ರಯೋಗದ ಕಾರೊಂದನ್ನು ಕಟ್ಟಿ ಇದಕ್ಕೆ ಉತ್ತರ ಹುಡುಕಿದ. ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಸ್ವಲ್ಪ ನಿಧಾನವಾಗಿ ತೂಗುವಂತಿದ್ದರೆ ತಡವಾಗಿ ಹೊರಟ ಹಿಂಭಾಗ ಮುಂಭಾಗವನ್ನು ಹಿಡಿದು ಸೇರಿಕೊಳ್ಳುತ್ತದೆ, ಕಾರು ಸಮನಾಗಿ ಏರಿ ಇಳಿಯುತ್ತದೆ. ಕಾರಿನ ಮುಂದಿನ ಮತ್ತು ಹಿಂದಿನ ಸ್ಪ್ರಿಂಗುಗಳ ಹಿಂದೆ ಇಂಥ ಲೆಕ್ಕ ಅಡಗಿದೆ. ಗರಗಸಕ್ಕೆ ಅದು ತಿಳಿಯುವುದಿಲ್ಲ.

ಕತ್ತರಿಸಿದರೆ ಏನಾಗುತ್ತದೆ?

ಸುರುಳಿ ಸ್ಪ್ರಿಂಗಿನ ಬಿಗಿತನ ಸುತ್ತುಗಳ ಸಂಖ್ಯೆಗೆ ವಿಲೋಮ ಅನುಪಾತದಲ್ಲಿರುತ್ತದೆ. ದುಡಿಯುವ 8 ಸುತ್ತುಗಳಲ್ಲಿ 2 ಕತ್ತರಿಸಿದರೆ ಉಳಿದ ಸ್ಪ್ರಿಂಗು ಮೃದುವಾಗುವುದಿಲ್ಲ, ಮೂರನೇ ಒಂದು ಭಾಗದಷ್ಟು ಹೆಚ್ಚು ಬಿಗಿಯಾಗುತ್ತದೆ. ಹಳೆಯ ಸ್ಪ್ರಿಂಗಿಗೆಂದು ಅಳೆದು ಮಾಡಿದ ಶಾಕ್ ಅಬ್ಸಾರ್ಬರಿಗೆ ಈ ಹೊಸ ಬಿಗಿತನವನ್ನು ತಡೆದು ನಿಲ್ಲಿಸುವ ತ್ರಾಣವಿರುವುದಿಲ್ಲ. ಗ್ಯಾಸ್ ಬೆಂಕಿಯಿಂದ ಕತ್ತರಿಸಿದರೆ ಉಕ್ಕಿನ ಹದವೂ ಕೆಡುತ್ತದೆ. ಗಿಡ್ಡವಾದ ಸ್ಪ್ರಿಂಗು, ಚಕ್ರ ಗುಂಡಿಗಿಳಿದು ಜೋತಾಗ ತನ್ನ ಬಟ್ಟಲಿನಿಂದ ಜಾರುವ ಅಪಾಯವೂ ಉಂಟು.

ಇನ್ನು ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಪ್ರಕಾರ ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಇರಬೇಕು. ಅಷ್ಟು ಅಗಲದ ಹಂಪಿನ ಮೇಲೆ ಕಾರು ಸಲೀಸಾಗಿ ಹಾಯುತ್ತದೆ. ಊರಿನವರು ಸೇರಿ ಹಾಕಿದ ಮೋಟು ಹಂಪು ಹಾಗಲ್ಲ, ಅದು ಪೂರ್ತಿ ಎತ್ತರದಲ್ಲಿ ಕಾರಿನ ಹೊಟ್ಟೆಯ ಕೆಳಗೇ ಬರುತ್ತದೆ. ಖಾಲಿ ಕಾರಿನ ಹೊಟ್ಟೆ ನೆಲದಿಂದ 17 ಸೆಂಟಿಮೀಟರ್ ಮೇಲಿದೆ ಎಂದಿಟ್ಟುಕೊಳ್ಳಿ. ಸ್ಪ್ರಿಂಗು ಕತ್ತರಿಸಿ 5 ಕಳೆದರೆ 12. ಮನೆಮಂದಿ ಕುಳಿತಾಗ ಇನ್ನೊಂದು 4 ಇಳಿದರೆ ಉಳಿಯುವುದು 8. ಮೋಟು ಹಂಪು 10 ಸೆಂಟಿಮೀಟರ್ ಇದ್ದರೆ ಎಂಜಿನ್ ಎಣ್ಣೆಯ ತೊಟ್ಟಿಯೇ ಅದನ್ನು ಸವರಬೇಕು.

ರೇಸಿನ ಕಾರುಗಳು ತಗ್ಗಾಗಿಲ್ಲವೇ ಎಂದು ಕೇಳಬಹುದು. ಅವು ಓಡುವುದು ಹೊಂಡವಿಲ್ಲದ ನುಣುಪು ಪಥದ ಮೇಲೆ. 2010ರ ದಶಕದಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತುಗಳು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ನಡೆದವು. ಮಣ್ಣುದಾರಿಯ ರ‍್ಯಾಲಿ ಕಾರುಗಳನ್ನು ತಗ್ಗಿಸುವುದಿಲ್ಲ. ನೆಲದಿಂದ ಎತ್ತರವಾಗಿಟ್ಟು, ಚಕ್ರ ಮೇಲೆ ಕೆಳಗೆ ಹೆಚ್ಚು ದೂರ ಚಲಿಸುವಂತೆ ಮಾಡುತ್ತಾರೆ. ತುರುವೇಕೆರೆಯ ತೋಟದ ದಾರಿಗೆ ಯಾವುದು ಹತ್ತಿರ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಏರಿಯ ತಿರುವಿನ ಲೆಕ್ಕ

ಈಗ ತಿರುವಿಗೆ ಬರೋಣ. ಕೆರೆ ಏರಿಯ ಮೇಲೆ 50 ಮೀಟರ್ ತ್ರಿಜ್ಯದ ತಿರುವು. ಜನ ಸಮೇತ 1000 ಕಿಲೋ ತೂಕದ ಕಾರು. ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಮೇಲೆ, ಎಡಬಲ ಚಕ್ರಗಳ ನಡುವೆ 1.4 ಮೀಟರ್. ವೇಗ ಗಂಟೆಗೆ 54 ಕಿಲೋಮೀಟರ್. ಆಗ ಒಳಮಗ್ಗುಲ ಚಕ್ರಗಳಿಂದ ಹೊರಮಗ್ಗುಲ ಚಕ್ರಗಳಿಗೆ ಸುಮಾರು 180 ಕಿಲೋ ಭಾರ ವರ್ಗವಾಗುತ್ತದೆ. ಮೂರು ಜನ ಒಂದು ಬದಿಯಿಂದ ಇನ್ನೊಂದು ಬದಿಗೆ ಜಿಗಿದಂತೆ. ಭಾರ ಹೊತ್ತ ಟೈರಿನ ಹಿಡಿತ ಹೆಚ್ಚುತ್ತದೆ ನಿಜ, ಆದರೆ ಭಾರ ಹೆಚ್ಚಿದಷ್ಟು ಹೆಚ್ಚುವುದಿಲ್ಲ. ಹಗುರಾದ ಟೈರು ಕಳೆದುಕೊಂಡದ್ದನ್ನು ಅದು ಪೂರ್ತಿ ತುಂಬಿಕೊಡದು. ಹೀಗಾಗಿ ಈ ವರ್ಗಾವಣೆ ಕಡಿಮೆಯಿದ್ದಷ್ಟೂ ಒಳ್ಳೆಯದು.

ಗಮನಿಸಿ, ಈ ಲೆಕ್ಕದಲ್ಲಿ ಸ್ಪ್ರಿಂಗಿನ ಬಿಗಿತನ ಎಲ್ಲೂ ಬರಲಿಲ್ಲ. ತೂಕ, ಎತ್ತರ, ಅಗಲ, ವೇಗ, ತ್ರಿಜ್ಯ ಅಷ್ಟೇ. ಬಿಗಿ ಸ್ಪ್ರಿಂಗು ಹಾಕಿದರೆ ಕಾರು ಕಡಿಮೆ ವಾಲುತ್ತದೆ, ಆದರೆ ಒಟ್ಟು ಭಾರ ಹೆಚ್ಚುಕಡಿಮೆ ಅಷ್ಟೇ ವರ್ಗವಾಗುತ್ತದೆ. ವಾಲದ ಕಾರಿನಲ್ಲಿ ಚಾಲಕನಿಗೆ ಧೈರ್ಯ ಹೆಚ್ಚುತ್ತದೆ, ಟೈರಿಗೆ ಹಿಡಿತ ಹೆಚ್ಚುವುದಿಲ್ಲ. ಅಪಾಯ ಇರುವುದು ಇಲ್ಲೇ.

ಕಾರನ್ನು 5 ಸೆಂಟಿಮೀಟರ್ ತಗ್ಗಿಸಿದರೆ ಎತ್ತರ 50 ಆಗಿ, 180 ಕಿಲೋ ಇದ್ದದ್ದು 164ಕ್ಕೆ ಇಳಿಯುತ್ತದೆ. ಲಾಭ 16 ಕಿಲೋ. ಒಳ್ಳೆಯದೇ. ಆದರೆ ಸ್ಪ್ರಿಂಗು ಮುಟ್ಟದೆ ವೇಗವನ್ನು 54ರಿಂದ 50ಕ್ಕೆ ಇಳಿಸಿದರೆ? ಭಾರ 155ಕ್ಕೆ ಇಳಿಯುತ್ತದೆ. ವೇಗದ ವರ್ಗ ಲೆಕ್ಕಕ್ಕೆ ಬರುವುದರಿಂದ 4 ಕಿಲೋಮೀಟರ್ ಕಡಿಮೆ ಮಾಡಿದ್ದು ಕತ್ತರಿಸಿದ ಸ್ಪ್ರಿಂಗಿಗಿಂತ ಹೆಚ್ಚು ಕೆಲಸ ಮಾಡಿತು. ಅದಕ್ಕೆ ಗ್ಯಾರೇಜೂ ಬೇಡ, ದುಡ್ಡೂ ಬೇಡ.

ಇನ್ನೊಂದು ಲೆಕ್ಕ ಈ ಸೀಮೆಗೇ ಸೇರಿದ್ದು. ಅದೇ ಕಾರಿನ ತಲೆಯ ಮೇಲಿನ ಕ್ಯಾರಿಯರಿಗೆ ಸುಲಿದ 100 ಕಾಯಿಯ ಮೂಟೆ ಕಟ್ಟಿ. ಸುಮಾರು 50 ಕಿಲೋ, ನೆಲದಿಂದ 1.6 ಮೀಟರ್ ಎತ್ತರ. ಗುರುತ್ವ ಕೇಂದ್ರ 55ರಿಂದ 60 ಸೆಂಟಿಮೀಟರಿಗೆ ಏರುತ್ತದೆ. ಸ್ಪ್ರಿಂಗು ಕತ್ತರಿಸಿ ಗಳಿಸುವ 5 ಸೆಂಟಿಮೀಟರನ್ನು ಒಂದೇ ಮೂಟೆ ಕಿತ್ತುಕೊಳ್ಳುತ್ತದೆ. ಅದೇ ತಿರುವು, ಅದೇ 54ರ ವೇಗದಲ್ಲಿ ವರ್ಗವಾಗುವ ಭಾರ ಈಗ 206 ಕಿಲೋ. ಮೂಟೆಯನ್ನು ಇಳಿಸಿ ಡಿಕ್ಕಿಯ ನೆಲಕ್ಕೆ ಹಾಕುವುದೇ ಕಾಸಿಲ್ಲದ ಸಸ್ಪೆನ್ಷನ್ ಸುಧಾರಣೆ.

ಯಾವುದು ಮೊದಲು?

ಹಾಗಾದರೆ ಹಳೆಯ ಕಾರಿಗೆ ಏನು ಮಾಡಿಸಬೇಕು? ಮೊದಲನೆಯದು ಟೈರು. ಪಟ್ಟೆ ಸವೆದು ಅದರ ತಳದ ಗುರುತು ಕಾಣಿಸಿದರೆ ಬದಲಾಯಿಸಲೇಬೇಕು. ಗಾಳಿಯನ್ನು ಟೈರು ತಣ್ಣಗಿರುವಾಗ, ಬಾಗಿಲ ಚೌಕಟ್ಟಿನಲ್ಲೋ ಕೈಪಿಡಿಯಲ್ಲೋ ಕೊಟ್ಟಿರುವ ಅಳತೆಗೆ ಹಿಡಿಸಬೇಕು. ಹೇರು ಇದ್ದಾಗಿನ ಅಳತೆ ಬೇರೆ, ಖಾಲಿ ಇದ್ದಾಗಿನದು ಬೇರೆ.

ಎರಡನೆಯದು ಬುಷ್ಷು ಮತ್ತು ಬಾಲ್ ಜಾಯಿಂಟು. ಉಂಡೆ ಕೊಬ್ಬರಿಯ ಮಾರುಕಟ್ಟೆಗೆ ಹೆಸರಾದ ತಿಪಟೂರಿನ ಕಡೆಯವರಿಗೆ ಇದನ್ನು ಪತ್ತೆಹಚ್ಚಲು ಕಲಿಸಬೇಕಿಲ್ಲ. ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಬಳಿ ಕುಲುಕಿದಾಗ ಒಳಗೆ ಲೊಡಲೊಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದು ಗೊತ್ತಾಗುತ್ತದೆ. ಸಣ್ಣ ಗುಂಡಿಗೆ ಇಳಿದಾಗ ಕಾರಿನ ಕೆಳಗೆ ಅದೇ ಲೊಡಲೊಡ ಕೇಳಿದರೆ ರಬ್ಬರ್ ಬುಷ್ಷು ತನ್ನ ಗೂಡು ಬಿಟ್ಟಿದೆ ಎಂದು ಅನುಮಾನಿಸಬೇಕು. ಅಂಥ ಕಾರಿನ ಚಕ್ರ ಸ್ಟೀರಿಂಗ್ ಹೇಳಿದ ಕಡೆಗೆ ಕೂಡಲೇ ತಿರುಗುವುದಿಲ್ಲ. ಹಳೆಯ ಕಾರು 'ಯಾಕೋ ಎಳೆಯುತ್ತೆ, ತೇಲುತ್ತೆ' ಎನ್ನುವವರ ದೂರಿಗೆ ಹಲವು ಸಲ ಮದ್ದು ಇಷ್ಟರಲ್ಲೇ ಇರುತ್ತದೆ.

ಮೂರನೆಯದು ಶಾಕ್ ಅಬ್ಸಾರ್ಬರು. ಕಾರಿನ ಒಂದು ಮೂಲೆಯನ್ನು ಭಾರ ಹಾಕಿ ಒತ್ತಿ ಬಿಡಿ. ಮೇಲೆದ್ದು ಒಮ್ಮೆ ಇಳಿದು ನಿಂತರೆ ಸರಿ. ಮತ್ತೆ ಮತ್ತೆ ತೂಗಿದರೆ ಅದರ ಆಯಸ್ಸು ಮುಗಿದಿದೆ. ಇದು ಒರಟು ಪರೀಕ್ಷೆ, ಎಣ್ಣೆ ಜಿನುಗಿದ ಕಲೆ ಇದೆಯೇ ಎಂದೂ ನೋಡಬೇಕು. ಬದಲಾಯಿಸುವಾಗ ಎಡ ಬಲ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ನಾಲ್ಕನೆಯದು ವೀಲ್ ಅಲೈನ್‌ಮೆಂಟು. ಬುಷ್ಷು ಹಾಕಿಸುವ ಮುಂಚೆ ಇದನ್ನು ಮಾಡಿಸಿದರೆ ದುಡ್ಡು ದಂಡ. ಇಷ್ಟಾದ ಮೇಲೆ ಕಾರನ್ನು ಓಡಿಸಿ ನೋಡಿದರೆ, ಹೊಸದರಲ್ಲಿ ಕಾರು ಹೀಗಿತ್ತಲ್ಲ ಎಂಬ ನೆನಪು ಬರುತ್ತದೆ. ಸುಧಾರಣೆ ಎಂದರೆ ಬಹುಪಾಲು ಇದೇ: ಕಾರು ಕಳೆದುಕೊಂಡದ್ದನ್ನು ಅದಕ್ಕೆ ಮರಳಿ ಕೊಡುವುದು.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ತಯಾರಕರು ನಿಗದಿ ಮಾಡಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷ ಕಾಯ್ದೆಗೆ ಆದ ತಿದ್ದುಪಡಿಯಂತೆ, ಅನುಮತಿಯಿಲ್ಲದೆ ಬದಲಾವಣೆ ಮಾಡಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಕಾರು ಅಪ್ಪನ ಹೆಸರಿನಲ್ಲಿದ್ದರೆ ಮಾಲೀಕ ಅಪ್ಪನೇ. ಅಪಘಾತವಾದಾಗ ವಿಮೆಯವರು ಕತ್ತರಿಸಿದ ಸ್ಪ್ರಿಂಗನ್ನು ನೋಡಿ ತಕರಾರು ತೆಗೆಯಬಹುದು. ಸವೆದ ಭಾಗದ ಜಾಗಕ್ಕೆ ಅದೇ ಅಳತೆಯ ಹೊಸ ಭಾಗ ಹಾಕಿಸುವುದಕ್ಕೆ ಈ ಯಾವ ತೊಡಕೂ ಇಲ್ಲ.

ಹಾಗೆಂದು ಮಕ್ಕಳ ಕುತೂಹಲವನ್ನು 'ಸುಮ್ನಿರೋ' ಎಂದು ಮುಚ್ಚಿಬಿಡುವುದು ಸರಿಯಲ್ಲ. ಸ್ಪ್ರಿಂಗು ಬದಲಾಯಿಸಲು ಕೈ ತುರಿಸುವವರಿಗೆ ನ್ಯಾಯವಾದ ಜಾಗ ಇದೆ. ದೇಶದ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳು ತಾವೇ ಕಟ್ಟಿದ ಒಂಟಿ ಸೀಟಿನ ವಾಹನವನ್ನು ಕಲ್ಲುಮಣ್ಣಿನ ಹಾದಿಯಲ್ಲಿ ಓಡಿಸುವ 'ಬಾಹಾ ಎಸ್‌ಎಇ ಇಂಡಿಯಾ' ಸ್ಪರ್ಧೆ 2007ರಲ್ಲಿ ಶುರುವಾಯಿತು. ಅಲ್ಲಿ ಸಸ್ಪೆನ್ಷನ್ನಿನ ಪ್ರತಿ ಕೋಲು, ಪ್ರತಿ ಕೀಲು ವಿದ್ಯಾರ್ಥಿಗಳದೇ ಲೆಕ್ಕ. ತಪ್ಪಿದ್ದರೆ ಮುರಿಯುವುದು ಸ್ಪರ್ಧೆಯ ಅಂಗಳದಲ್ಲಿ, ಶಾಲೆ ಬಿಡುವ ಹೊತ್ತಿನ ರಸ್ತೆಯಲ್ಲಲ್ಲ.

ಕಾಲೇಜು ಮೆಟ್ಟಿಲು ಹತ್ತದವರೂ ಮನೆಯಲ್ಲೇ ಆರಂಭಿಸಬಹುದು. ಬೇಕಾದದ್ದು ಒಂದು ಅಳತೆ ಟೇಪು, ಗಾಳಿ ಅಳೆಯುವ ಒಂದು ಗೇಜು, ಒಂದು ನೋಟುಪುಸ್ತಕ. ಸಮತಟ್ಟಾದ ಕಣದಲ್ಲಿ ಕಾರು ನಿಲ್ಲಿಸಿ ನಾಲ್ಕೂ ಚಕ್ರದ ಮೇಲಿನ ಕಮಾನು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಬರೆದಿಡಿ. ಮನೆಯವರನ್ನೆಲ್ಲ ಕೂರಿಸಿ ಮತ್ತೆ ಅಳೆಯಿರಿ. ಎಷ್ಟು ಕಿಲೋಗೆ ಎಷ್ಟು ಇಳಿಯಿತು ಎಂಬುದೇ ಹುಕ್‌ನ ನಿಯಮ. ಒಂದು ಮೂಲೆ ಮಾತ್ರ ತಗ್ಗಿದ್ದರೆ ಆ ಸ್ಪ್ರಿಂಗು ದಣಿದಿದೆ. ತಿಂಗಳಿಗೊಮ್ಮೆ ಬರೆದಿಟ್ಟ ಈ ಲೆಕ್ಕವನ್ನು ತೋರಿಸಿ "ಈ ಎರಡು ಬುಷ್, ಈ ಎರಡು ಶಾಕ್ ಅಬ್ಸಾರ್ಬರ್ ಹಾಕಿಸಬೇಕು" ಎಂದರೆ ದುಡ್ಡು ಕೊಡುವವರಿಗೂ ಅದು ಹುಡುಗಾಟದ ಮಾತಾಗಿ ಕೇಳಿಸುವುದಿಲ್ಲ.